ಮರಕ್ಕೆ ಬಣ್ಣ ಹಚ್ಚುವ ಮೊದಲು

(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ಮೈಕ್ ಹಿಡಿದು ಮಾತಾಡಿ ನಮಗೆ ಅಭ್ಯಾಸ ಇಲ್ಲ. ತಪ್ಪಿದರೆ ಕ್ಷಮೆ ಇರಲಿ. ಉಳಿತಾಯ, ಬ್ಯಾಂಕ್ ಸಾಲ, ಹೈನುಗಾರಿಕೆ, ಮಲ್ಲಿಗೆ ಕೃಷಿ ಇದರ ಬಗ್ಗೆ ತಿಳಿದವರು ಬೆಳಿಗ್ಗೆಯೇ ಚೆನ್ನಾಗಿ ಹೇಳಿದ್ದಾರೆ. ನಮಗೆ ಕೊಟ್ಟ ವಿಷಯ, ಮನೆಯಲ್ಲೇ ಮಾಡುವ ಮರದ ಸಾಮಾನಿಗೆ ಬಣ್ಣ ಮತ್ತು ಪಾಲಿಶ್ ಆರಿಸುವುದು ಹೇಗೆ ಅಂತ. ಇದರಲ್ಲಿ ಕಲಿಯಲಿಕ್ಕೆ ಎಂತ ಉಂಟು, ಒಂದು ಡಬ್ಬಿ ವಾರ್ನಿಶ್ ತಂದು ಬ್ರಶ್ಶಿನಲ್ಲಿ ಹಚ್ಚಿದರೆ ಆಯಿತಲ್ಲ ಎಂದು ನಿಮಗೆ ಅನಿಸಬಹುದು. ನಮಗೂ ಹಾಗೆಯೇ ಅನಿಸಿತ್ತು. ಅದಕ್ಕೆ ನಾವು ಕೊಟ್ಟ ಬೆಲೆಯನ್ನು ಮೊದಲು ಹೇಳುತ್ತೇವೆ.

ನಮ್ಮ ಸಂಘದಲ್ಲಿ 16 ಜನ. ಒಬ್ಬರ ಯಜಮಾನರು ಬಡಗಿ. ಎರಡು ಮಳೆಗಾಲದ ಹಿಂದೆ ಒಂದು ಶಿಶುವಿಹಾರದವರು ಮಕ್ಕಳಿಗೆ ಕೂರಲು 30 ಮಣೆ ಬೇಕೆಂದು ಕೇಳಿದರು. ಮರ ಕೊಯ್ದು ಜೋಡಿಸುವ ಕೆಲಸ ಬಡಗಿಯವರದ್ದು, ಉಜ್ಜಿ ಬಣ್ಣ ಹಚ್ಚುವುದು ನಮ್ಮದು ಎಂದು ಮಾತಾಯಿತು. ಸಂಘದ ಉಳಿತಾಯದಿಂದಲೇ ಸಾಲ ತೆಗೆದೆವು. ಸಿಕ್ಕಿದ ಮರದಲ್ಲಿ ಅರ್ಧ ಹಲಸು, ಅರ್ಧ ಅಕೇಶಿಯಾ. ಒಂದು ಹಳದಿ, ಒಂದು ಕಂದು. ಎಲ್ಲ ಒಂದೇ ತರ ಕಾಣಲಿ ಎಂದು ಅಂಗಡಿಯವರು ಕೊಟ್ಟ ಕಪ್ಪು-ಕಂದು ಸ್ಟೇನ್ ತಂದೆವು. ಮೇಲೆ ಹಾಕಲು ಚಿಲ್ಲರೆಯಾಗಿ ಅಳೆದು ಕೊಟ್ಟ ಅಗ್ಗದ ವಾರ್ನಿಶ್. ಜುಲೈ ತಿಂಗಳು, ಹೊರಗೆ ಧಾರಾಕಾರ ಮಳೆ. ಶಾಲೆಯವರಿಗೆ ಅವಸರ, ನಮಗೂ ಅವಸರ. ಬೆಳಿಗ್ಗೆ ಹಚ್ಚಿದ್ದು ಒಣಗುವ ಮೊದಲೇ ಸಂಜೆ ಇನ್ನೊಂದು ಕೋಟು ಹಾಕಿದೆವು.

ಕೊಟ್ಟ ಮೂರೇ ದಿನದಲ್ಲಿ ಫೋನ್ ಬಂತು. ಮಕ್ಕಳ ಚಡ್ಡಿ ಮಣೆಗೆ ಅಂಟುತ್ತದೆ, ಕೈಗೆ ಬಣ್ಣ ಹಿಡಿಯುತ್ತದೆ. ನಾವು ನಾಲ್ಕು ಜನ ಓಡಿ ಹೋದೆವು. ಅಲ್ಲಿ ಒಬ್ಬಳು ತಾಯಿ ನಿಂತಿದ್ದಳು. ಅವಳು ಜೋರು ಮಾಡಲಿಲ್ಲ. ಮೆಲ್ಲಗೆ ಕೇಳಿದಳು: "ಅಕ್ಕಾ, ನನ್ನ ಮಗುವಿಗೆ ಎಲ್ಲ ಬಾಯಿಗೆ ಹಾಕುವ ಅಭ್ಯಾಸ. ನಿನ್ನೆ ಮಣೆಯ ಅಂಚು ಕಚ್ಚುತ್ತಾ ಇತ್ತು. ಈ ಬಣ್ಣದಲ್ಲಿ ಎಂತ ಹಾಕಿದ್ದೀರಿ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಚಿಲ್ಲರೆ ತಂದ ವಾರ್ನಿಶ್ಶಿಗೆ ಹೆಸರೇ ಇಲ್ಲ. ಸ್ಟೇನಿನ ಡಬ್ಬಿಯನ್ನು ಗುಜರಿಗೆ ಹಾಕಿ ಆಗಿತ್ತು. 30 ಮಣೆಯನ್ನೂ ರಿಕ್ಷಾದಲ್ಲಿ ಹೇರಿಕೊಂಡು ವಾಪಸ್ ತಂದೆವು. ನಷ್ಟ ಆಯಿತು, ಹೆಸರೂ ಹಾಳಾಯಿತು. ಆದರೆ ಆ ರಾತ್ರಿ ನಮಗೆ ನಿದ್ದೆ ಬಾರದೇ ಇದ್ದದ್ದು ದುಡ್ಡಿಗಾಗಿ ಅಲ್ಲ.

ಅಂದಿನಿಂದ ನಮ್ಮ ಸಂಘದಲ್ಲಿ ಒಂದು ನಿಯಮ. ಯಾವ ಬಣ್ಣ ಚೆಂದ ಎಂದು ಕೇಳುವ ಮೊದಲು, ಈ ಸಾಮಾನನ್ನು ಯಾರು ಮುಟ್ಟುತ್ತಾರೆ, ಎಲ್ಲಿ ಇಡುತ್ತಾರೆ ಎಂದು ಕೇಳಬೇಕು. ಉಳಿದದ್ದೆಲ್ಲ ಇದರಿಂದಲೇ ತೀರ್ಮಾನ ಆಗುತ್ತದೆ. ನಾವು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇವೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಸ್ಟೇನ್ ಬೇರೆ, ಪಾಲಿಶ್ ಬೇರೆ

ಮೊದಲು ಇದನ್ನು ತಿಳಿಯಬೇಕು. ಸ್ಟೇನ್ ಅಂದರೆ ಮರದೊಳಗೆ ಇಳಿಯುವ ಬಣ್ಣ. ಅದು ಬಣ್ಣ ಕೊಡುತ್ತದೆಯೇ ಹೊರತು ಕಾಪಾಡುವುದಿಲ್ಲ. ನೀರು, ಎಣ್ಣೆ, ಗೀರು ತಡೆಯಬೇಕಾದರೆ ಅದರ ಮೇಲೆ ಪಾಲಿಶ್, ವಾರ್ನಿಶ್ ಅಥವಾ ಮೇಣ ಬೇಕು. ಸೀರೆಗೆ ಬಣ್ಣ ಹಾಕಿದ ಮಾತ್ರಕ್ಕೆ ಅದು ಮಳೆಗೆ ಕೊಡೆ ಆಗುತ್ತದೆಯೇ? ಹಾಗೆಯೇ ಇದು.

ಇನ್ನೊಂದು ಮಾತು. ಎಲ್ಲ ಮರಕ್ಕೂ ಸ್ಟೇನ್ ಬೇಕೆಂದಿಲ್ಲ. ಹಲಸಿಗೆ ದೇವರೇ ಬಣ್ಣ ಕೊಟ್ಟಿದ್ದಾನೆ. ಹೊಸದರಲ್ಲಿ ಹಳದಿ, ವರ್ಷ ಹೋದಂತೆ ಬೆಳಕಿಗೆ ತಾನಾಗಿ ಜೇನಿನ ಬಣ್ಣಕ್ಕೆ, ಕಂದಿಗೆ ತಿರುಗುತ್ತದೆ. ಸಾಗುವಾನಿಗೂ ಬೀಟೆಗೂ ಬಣ್ಣ ಬೇಡ. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆ ಅಂಶ ಇರುವುದರಿಂದ ವಾರ್ನಿಶ್ ಒಣಗಲು ತಡವಾಗುತ್ತದೆ. ಹಚ್ಚುವ ಮೊದಲು ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಒರೆಸಬೇಕು. ಮಾವಿನ ಮರ ಬಣ್ಣವನ್ನು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಕುಡಿಯುತ್ತದೆ. ತೇಪೆ ತೇಪೆಯಾಗಿ ಕಾಣುತ್ತದೆ. ಅದಕ್ಕೆ ಮೊದಲು ತುಂಬ ತೆಳು ಮಾಡಿದ ಅರಗಿನ ಪಾಲಿಶ್ ಒಂದು ಕೋಟು ಕೊಟ್ಟು, ಒಣಗಿದ ಮೇಲೆ ಸ್ಟೇನ್ ಹಚ್ಚಿದರೆ ಸಮ ಬರುತ್ತದೆ.

ಸ್ಟೇನ್ ಹಚ್ಚಿ ಹಾಗೆಯೇ ಬಿಡಬಾರದು. ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ನಮ್ಮ ಮಣೆಯಲ್ಲಿ ಕೈಗೆ ಬಣ್ಣ ಹಿಡಿದದ್ದು ಇದೇ ಕಾರಣಕ್ಕೆ. ಜಾಸ್ತಿ ಹಾಕಿದರೆ ಜಾಸ್ತಿ ಚೆಂದ ಎಂದು ಒರೆಸದೆ ಬಿಟ್ಟೆವು.

ಮನೆಯ ಬಣ್ಣಗಳೂ ಉಂಟು. ಚಹಾ, ಕಾಫಿ ಡಿಕಾಕ್ಷನ್ನಿನಿಂದ ತಿಳಿ ಕಂದು ಬರುತ್ತದೆ. ಅರಸಿನ ಚೆಂದ ಹಿಡಿಯುತ್ತದೆ, ಆದರೆ ಬಿಸಿಲಿಗೆ ಮಾಸುತ್ತದೆ. ಮಾರುವ ಸಾಮಾನಿಗೆ ಅದನ್ನು ನಂಬಬೇಡಿ. ನಮ್ಮ ಕರಾವಳಿಯ ಹಳೆ ಮನೆ, ದೇವಸ್ಥಾನಗಳ ಗೋಡೆಯಲ್ಲಿ ಕಾಣುವ ಕಾವಿಮಣ್ಣು ಮಾತ್ರ ಬಿಸಿಲಿಗೆ ಜಗ್ಗುವುದಿಲ್ಲ. ಅದು ಕಬ್ಬಿಣದ ಅಂಶ ಇರುವ ಮಣ್ಣು. ನುಣ್ಣಗೆ ಅರೆದು ಸೋಸಿದರೆ ಮರಕ್ಕೂ ಕೆಂಪು ಛಾಯೆ ಕೊಡುತ್ತದೆ.

ಯಾವ ಸಾಮಾನಿಗೆ ಯಾವುದು?

ಅಡುಗೆಯ ಸಾಮಾನು: ಚಪಾತಿ ಮಣೆ, ಲಟ್ಟಣಿಗೆ, ಸೌಟು, ತರಕಾರಿ ಕೊಚ್ಚುವ ಹಲಗೆ ಇವುಗಳಿಗೆ ಸ್ಟೇನ್ ಬೇಡವೇ ಬೇಡ, ವಾರ್ನಿಶ್ಶೂ ಬೇಡ. ಕತ್ತಿ ತಾಗಿದಲ್ಲಿ ವಾರ್ನಿಶ್ ಎದ್ದು ಊಟಕ್ಕೆ ಬೀಳುತ್ತದೆ. ಎಣ್ಣೆ ಮತ್ತು ಜೇನುಮೇಣ ಸಾಕು. ಒಂದು ಪಾಲು ಮೇಣಕ್ಕೆ ಮೂರು-ನಾಲ್ಕು ಪಾಲು ಎಣ್ಣೆ. ಒಲೆಯ ಮೇಲೆ ನೇರ ಇಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ತೆಂಗಿನೆಣ್ಣೆ ಗಟ್ಟಿಯಾಗಿ ಒಣಗುವ ಎಣ್ಣೆ ಅಲ್ಲ, ಆದ್ದರಿಂದ ಆಗಾಗ ಹಚ್ಚಬೇಕು. ಅಗಸೆ ಎಣ್ಣೆ ಒಣಗುತ್ತದೆ, ಆದರೆ ಹಸಿ ಅಗಸೆ ಎಣ್ಣೆಗೆ ಬಹಳ ದಿನ ಬೇಕು. ಪೇಂಟ್ ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್‌ಸೀಡ್ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಅದನ್ನು ಅಡುಗೆ ಸಾಮಾನಿಗೆ ಹಚ್ಚಬೇಡಿ.

ಫೋಟೋ ಫ್ರೇಮ್, ಪೆಟ್ಟಿಗೆ, ದೇವರ ಪೀಠ, ಕ್ರಿಸ್ಮಸ್ ಗೋದಲಿ: ಇಂಥ ನೀರು ತಾಗದ ಸಾಮಾನಿಗೆ ಅರಗಿನ ಪಾಲಿಶ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಫ್ರೆಂಚ್ ಪಾಲಿಶ್ ಎನ್ನುವುದೂ ಇದನ್ನೇ. ಅರಗು ಅಂದರೆ ಮುತ್ತುಗ, ಬೋರೆಯಂಥ ಮರಗಳ ಮೇಲೆ ಒಂದು ಸಣ್ಣ ಹುಳ ಮಾಡುವ ಅಂಟು. ಔಷಧಿ ಗುಳಿಗೆಯ ಮೇಲೆ, ಮಿಠಾಯಿಯ ಹೊಳಪಿಗೆ ಕೂಡ ಶುದ್ಧ ಮಾಡಿದ ಅರಗನ್ನು ಬಳಸುತ್ತಾರೆ. ಚನ್ನಪಟ್ಟಣದ ಬೊಂಬೆಗಳ ಬಣ್ಣವೂ ಅರಗಿನದ್ದೇ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕೋಲನ್ನು ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಹಿಡಿಯುತ್ತದೆ. ಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ.

ನಾವು ಮಾಡುವ ಕ್ರಮ ಹೀಗೆ: ಒಂದು ಲೀಟರ್ ಸ್ಪಿರಿಟಿಗೆ ಸುಮಾರು 200 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸುವುದು. ಕಬ್ಬಿಣದ ಡಬ್ಬಿ ಬೇಡ, ಬಣ್ಣ ಕಪ್ಪಾಗುತ್ತದೆ. ಹತ್ತಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ, ತೆಳುವಾಗಿ ಅನೇಕ ಸಲ ಹಚ್ಚುವುದು. ಬೇಗ ಒಣಗುತ್ತದೆ, ಗೀರು ಬಿದ್ದರೆ ಅಲ್ಲಿಗೇ ಮತ್ತೆ ಹಚ್ಚಬಹುದು. ಆದರೆ ಬಿಸಿ ಪಾತ್ರೆ ಇಟ್ಟರೆ, ನೀರು ನಿಂತರೆ ಬಿಳಿ ಕಲೆ ಬರುತ್ತದೆ. ಊಟದ ಮೇಜಿಗೆ ಇದು ಆಗುವುದಿಲ್ಲ. ಕಲಸಿದ್ದನ್ನು ಬಾಟಲಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಸರಿಯಾಗಿ ಒಣಗುವುದಿಲ್ಲ, ಬೇಕಾದಷ್ಟೇ ಮಾಡಿ. ಸ್ಪಿರಿಟ್ ವಿಷ. ನೀರಿನ ಬಾಟಲಿಯಲ್ಲಿ ಹಾಕಿ ಇಡಬೇಡಿ, ಮಕ್ಕಳ ಕೈಗೆ ಸಿಗಬಾರದು.

ಮೇಜು, ಬೆಂಚು, ಕಪಾಟು, ಕೂರುವ ಮಣೆ: ಕೈ ತಾಗುವ, ನೀರು ಚೆಲ್ಲುವ ಸಾಮಾನಿಗೆ ವಾರ್ನಿಶ್ ಅಥವಾ ಪಿಯು ಎಂದು ಕರೆಯುವ ಪಾಲಿಯುರಿಥೇನ್ ಬೇಕು. ಇದರಲ್ಲಿ ಥಿನ್ನರ್ ಹಾಕುವ ಜಾತಿ ಒಂದು, ನೀರು ಹಾಕುವ ಜಾತಿ ಒಂದು. ನೀರಿನದ್ದು ವಾಸನೆ ಕಡಿಮೆ, ಬೇಗ ಒಣಗುತ್ತದೆ, ಬ್ರಶ್ ತೊಳೆಯಲು ಸುಲಭ, ಮರದ ಬಣ್ಣ ಹಳದಿಯಾಗುವುದಿಲ್ಲ. ಎಣ್ಣೆಯದ್ದು ಒಣಗಲು ತಡ, ಆದರೆ ಮರದ ಗೆರೆಯನ್ನು ಚೆನ್ನಾಗಿ ಎತ್ತಿ ತೋರಿಸುತ್ತದೆ. ಎಣ್ಣೆ ಸ್ಟೇನಿನ ಮೇಲೆ ನೀರಿನ ಜಾತಿ ಹಾಕುವುದಾದರೆ ಸ್ಟೇನ್ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಸಿಪ್ಪೆ ಏಳುತ್ತದೆ. ಸ್ಪಿರಿಟಿನಲ್ಲಿ ಕಲಸಿದ ಬಣ್ಣದ ಮೇಲೆ ಸ್ಪಿರಿಟ್ ಪಾಲಿಶ್ ಉಜ್ಜಿದರೆ ಬಣ್ಣ ಕರಗಿ ಎದ್ದು ಬರುತ್ತದೆ.

ಬಿಸಿಲು ಮಳೆಗೆ ಇಡುವ ಸಾಮಾನು: ಒಳಗಿನ ವಾರ್ನಿಶ್ ಹೊರಗೆ ನಿಲ್ಲುವುದಿಲ್ಲ. ಬಿಸಿಲಿಗೆ ಬಿರಿದು ಸಿಪ್ಪೆ ಏಳುತ್ತದೆ. ಹೊರಗಿನ ಬಳಕೆಗೆ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ನಮ್ಮ ಹಿರಿಯರು ಪಕ್ಕಾಸು, ಬೇಲಿಗೂಟ, ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಗೆದ್ದಲಿಗೆ ಅದು ಒಳ್ಳೆಯ ಮದ್ದು. ಆದರೆ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದ ಅಕ್ಕಂದಿರು ಇಲ್ಲಿ ಇದ್ದಾರೆ, ಅವರನ್ನು ಕೇಳಿ. ಆ ಎಣ್ಣೆ ಚರ್ಮ ಸುಡುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ, ಕೂರುವ ಮುಟ್ಟುವ ಸಾಮಾನಿಗೆ ಹಚ್ಚಬೇಡಿ.

ಕೆಲಸದ ಕ್ರಮ

ಮರ ಒಣಗಿರಬೇಕು. ಒಂದು ಇಂಚು ದಪ್ಪದ ಹಲಗೆಗೆ ನೆರಳಿನಲ್ಲಿ ಒಂದು ವರ್ಷ ಎಂಬುದು ಬಡಗಿಗಳ ಹಳೆ ಲೆಕ್ಕ. ಹಸಿ ಮರಕ್ಕೆ ಎಂಥ ದುಬಾರಿ ಪಾಲಿಶ್ ಹಾಕಿದರೂ ನಿಲ್ಲುವುದಿಲ್ಲ.

ಮರಳು ಕಾಗದದಲ್ಲಿ ಉಜ್ಜುವಾಗ 80 ಅಥವಾ 100 ನಂಬರಿನಿಂದ ಆರಂಭಿಸಿ, 120, 180, ಕೊನೆಗೆ 220. ಮಧ್ಯದ್ದನ್ನು ಹಾರಿಸಿದರೆ ಹಿಂದಿನ ಗೀರು ಹಾಗೆಯೇ ಉಳಿದು, ಸ್ಟೇನ್ ಹಚ್ಚಿದಾಗ ಎದ್ದು ಕಾಣುತ್ತದೆ. ಮರದ ಗೆರೆ ಹೋದ ಕಡೆಗೇ ಉಜ್ಜಬೇಕು, ಅಡ್ಡ ಉಜ್ಜಬಾರದು. ನೀರಿನ ಜಾತಿಯ ಬಣ್ಣ ಹಾಕುವುದಾದರೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎದ್ದ ರೋಮವನ್ನು 220ರಲ್ಲಿ ಹಗುರವಾಗಿ ಉಜ್ಜಿ. ಕೋಟು ಕೋಟಿನ ನಡುವೆಯೂ ಹೀಗೆ ಮಾಡಬೇಕು. ಅಡಿಭಾಗಕ್ಕೂ ಪಾಲಿಶ್ ಹಾಕಿ. ಯಾರು ನೋಡುತ್ತಾರೆ ಎಂದು ಬಿಟ್ಟರೆ ಒಂದು ಕಡೆ ಮಾತ್ರ ತೇವ ಹೀರಿ ಹಲಗೆ ಬಾಗುತ್ತದೆ.

ಮಳೆಗಾಲದಲ್ಲಿ ಅವಸರ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ವಾರ್ನಿಶ್ ಒಣಗುವುದು ತಡ, ಅರಗಿನ ಪಾಲಿಶ್ ಹಾಲಿನಂತೆ ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಮರ ಕೊಯ್ದು ಉಜ್ಜಿ ಇಡಿ, ಬಣ್ಣದ ಕೆಲಸವನ್ನು ಒಣ ದಿನಗಳಿಗೆ ಇಟ್ಟುಕೊಳ್ಳಿ. ಗಿರಾಕಿಗೂ ಮೊದಲೇ ಹಾಗೆ ಹೇಳಿ. ಬೇಗ ಆಗಲಿ ಎಂದು ಸೀಮೆಎಣ್ಣೆ ಬೆರೆಸುವವರೂ ಇದ್ದಾರೆ, ಅದರಿಂದ ಇನ್ನೂ ತಡವಾಗುತ್ತದೆ. ಮುಟ್ಟಿದರೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಪೂರ್ತಿ ಗಟ್ಟಿಯಾಯಿತು ಅಂತಲ್ಲ. ಮಕ್ಕಳ ಸಾಮಾನನ್ನು ಕೊನೆಯ ಕೋಟಿನ ನಂತರ ನಾವು ಮೂರು-ನಾಲ್ಕು ವಾರ ಗಾಳಿಗೆ ಬಿಟ್ಟೇ ಕೊಡುತ್ತೇವೆ.

ಎಲ್ಲಕ್ಕಿಂತ ಮುಖ್ಯ, ಅದೇ ಮರದ ಒಂದು ತುಂಡಿನ ಮೇಲೆ ಮೊದಲು ಹಚ್ಚಿ ನೋಡಿ. ಅಂಗಡಿಯ ಬಣ್ಣದ ಚೀಟಿಯನ್ನು ನಂಬಬೇಡಿ. ತುಂಡನ್ನು ಮೂರು ಭಾಗ ಮಾಡಿ, ಒಂದು ಕೋಟು, ಎರಡು ಕೋಟು, ಮೂರು ಕೋಟು ಹಾಕಿ, ಹಗಲಿನಲ್ಲೂ ರಾತ್ರಿ ಲೈಟಿನಲ್ಲೂ ನೋಡಿ. ಹಿಂದೆ ಪೆನ್ನಿನಲ್ಲಿ ಮರದ ಹೆಸರು, ಬಣ್ಣದ ಹೆಸರು, ತಾರೀಕು ಬರೆದಿಡಿ.

ಲೆಕ್ಕವೂ ಬೇಕಲ್ಲ? ಒಂದು ಮಣೆ ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲ ಇರಲಿ. ಮೇಲೆ ಮುಕ್ಕಾಲು, ಕೆಳಗೆ ಮುಕ್ಕಾಲು, ಅಂಚು-ಕಾಲು ಸೇರಿ ಅರ್ಧ. ಒಟ್ಟು 2 ಚದರ ಅಡಿ. 30 ಮಣೆಗೆ 60, ಮೂರು ಕೋಟಿಗೆ 180 ಚದರ ಅಡಿ. ಒಂದು ಲೀಟರಿಗೆ ಎಷ್ಟು ಚದರ ಅಡಿ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. 180ನ್ನು ಅದರಿಂದ ಭಾಗಿಸಿ, ಸ್ವಲ್ಪ ಹೆಚ್ಚಿಗೆ ಇಟ್ಟು ತನ್ನಿ. ಬಣ್ಣದ ಹಣದ ಜೊತೆಗೆ ಕಾಗದ, ಬ್ರಶ್, ಮುಖಗವಸು ಮತ್ತು ನಿಮ್ಮ ದುಡಿಮೆಯ ಗಂಟೆಗಳನ್ನೂ ಬೆಲೆಯಲ್ಲಿ ಸೇರಿಸಿ. ನಮ್ಮ ಕೆಲಸಕ್ಕೆ ನಾವೇ ಬೆಲೆ ಕಟ್ಟದಿದ್ದರೆ ಬೇರೆ ಯಾರು ಕಟ್ಟುತ್ತಾರೆ?

ಜೀವಕ್ಕಿಂತ ಹೊಳಪು ದೊಡ್ಡದಲ್ಲ

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇವೆ. ಬಣ್ಣದಲ್ಲಿ ಹೆದರಬೇಕಾದದ್ದು ಸೀಸಕ್ಕೆ. ಹೊಳೆಯುವ ಹಳದಿ, ಕೆಂಪು, ಹಸಿರು ಎನಾಮೆಲ್ ಪೇಂಟುಗಳಲ್ಲಿ ಹಿಂದೆ ಇದನ್ನು ಧಾರಾಳ ಸೇರಿಸುತ್ತಿದ್ದರು. ಸೀಸ ಮಕ್ಕಳ ಮೆದುಳಿಗೆ ಪೆಟ್ಟು ಕೊಡುತ್ತದೆ, ಕಲಿಕೆ ಕುಂಠಿತವಾಗುತ್ತದೆ. ಎಲುಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತದೆ, ಬಸುರಿಯಿಂದ ಹೊಟ್ಟೆಯ ಮಗುವಿಗೂ ಹೋಗುತ್ತದೆ. ಇಷ್ಟಾದರೆ ತೊಂದರೆ ಇಲ್ಲ ಎನ್ನುವ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮದೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ವೆಂಕಟೇಶ್ ತುಪ್ಪಿಲ್ ಅವರು ಈ ವಿಷಯದಲ್ಲಿ ದೇಶವನ್ನು ಎಚ್ಚರಿಸಲು ವರ್ಷಗಟ್ಟಲೆ ದುಡಿದವರು. 2016ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. 2017ರ ನವೆಂಬರ್ 1ರಿಂದ ಮನೆಬಳಕೆಯ ಮತ್ತು ಅಲಂಕಾರದ ಪೇಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು.

ಆದ್ದರಿಂದ ಸೀಲ್ ಇರುವ ಡಬ್ಬಿ ತನ್ನಿ, ಚಿಲ್ಲರೆ ಅಳೆದು ಕೊಡುವುದನ್ನು ಬಿಡಿ. ಡಬ್ಬಿಯ ಮೇಲೆ ಸೀಸದ ಬಗ್ಗೆ ಏನು ಬರೆದಿದೆ ಎಂದು ಓದಿ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಆ ನಿಯಮ ಮನೆಬಳಕೆಯ ಪೇಂಟಿಗೆ ಮಾತ್ರ. ಯಂತ್ರ, ವಾಹನ, ಕಬ್ಬಿಣದ ಕೆಲಸಕ್ಕೆ ಮಾಡಿದ್ದನ್ನು ಮಕ್ಕಳ ಸಾಮಾನಿಗೆ ಹಚ್ಚಬೇಡಿ. ಹಳೆ ತೊಟ್ಟಿಲು, ಹಳೆ ಬಾಗಿಲಿನ ಪೇಂಟನ್ನು ಒಣಗಿದ ಕಾಗದದಲ್ಲಿ ಉಜ್ಜಿ ಧೂಳು ಎಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರ ಇಡಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ತೆಗೆಯಿರಿ, ಕೈ ತೊಳೆಯದೆ ಊಟ ಮಾಡಬೇಡಿ.

ನಮ್ಮ ಜೀವವೂ ಜೀವವೇ. ಥಿನ್ನರ್, ವಾರ್ನಿಶ್ ಕೆಲಸವನ್ನು ಕಿಟಕಿ ತೆರೆದ ಕಡೆ ಅಥವಾ ಜಗಲಿಯಲ್ಲಿ ಮಾಡಿ. ಅಡುಗೆಮನೆಯಲ್ಲಿ, ಒಲೆ ದೀಪದ ಹತ್ತಿರ ಬೇಡ. ಸೆರಗು ಸಿಕ್ಕಿಸಿಕೊಳ್ಳಿ. ಬಸುರಿಯರು, ದಮ್ಮು ಇರುವವರು ಈ ಕೆಲಸದಿಂದ ದೂರ ಇರಲಿ, ಅವರಿಗೆ ಲೆಕ್ಕ ಬರೆಯುವ ಕೆಲಸ ಕೊಡಿ. ಇನ್ನೊಂದನ್ನು ಮರೆಯಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಕಡ್ಡಿ ಗೀರಬೇಕೆಂದಿಲ್ಲ. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಇಡಿ, ಇಲ್ಲವೇ ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಮುಗಿಸುವ ಮೊದಲು

ಆ 30 ಮಣೆ ಏನಾಯಿತು ಎಂದು ನೀವು ಕೇಳಬಹುದು. ಮಳೆ ನಿಂತ ಮೇಲೆ ಮುಖಗವಸು ಕಟ್ಟಿಕೊಂಡು, ಆ ಅಂಟನ್ನು ಕೆರೆದು, ನೀರು ಹಾಕಿ ಉಜ್ಜಿ, ಹೊಸ ಮರ ಕಾಣುವ ತನಕ ತೆಗೆದೆವು. ಕೈ ಬೊಬ್ಬೆ ಬಂತು. ಈ ಸಲ ಸ್ಟೇನ್ ಹಾಕಲೇ ಇಲ್ಲ. ಹಲಸು ಹಲಸಾಗಿಯೇ ಇರಲಿ, ಅಕೇಶಿಯಾ ಅಕೇಶಿಯಾ ಆಗಿಯೇ ಇರಲಿ ಎಂದು, ಸೀಲ್ ಡಬ್ಬಿಯ ನೀರಿನ ಪಿಯು ಮೂರು ಕೋಟು ಹಾಕಿದೆವು. ಡಬ್ಬಿಯ ಚೀಟಿಯನ್ನು ಕಿತ್ತು ಒಂದು ಪುಸ್ತಕಕ್ಕೆ ಅಂಟಿಸಿದೆವು. ಸಾಲ ಬರೆಯುವ ಪುಸ್ತಕ ಇರುವ ಹಾಗೆ ಈಗ ನಮ್ಮ ಸಂಘದಲ್ಲಿ ಬಣ್ಣಕ್ಕೂ ಒಂದು ಪುಸ್ತಕ ಉಂಟು. ಯಾವ ಸಾಮಾನಿಗೆ ಯಾವುದು ಹಚ್ಚಿದ್ದು, ಯಾವ ದಿನ, ಯಾರು, ಎಲ್ಲ ಅದರಲ್ಲಿ ಇದೆ. ಸಭೆಯಲ್ಲಿ ಅದನ್ನೂ ಓದಿ ಸಹಿ ಹಾಕುತ್ತೇವೆ.

ಮಣೆ ಕೊಡಲು ಹೋದ ದಿನ ಆ ತಾಯಿಯನ್ನು ಹುಡುಕಿ, ಪುಸ್ತಕ ತೆರೆದು ತೋರಿಸಿದೆವು. ಅವಳು ಓದಿ ನೋಡಿದಳು, ಮಣೆಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು, ಮತ್ತೆ ಮಗುವನ್ನು ಅದರ ಮೇಲೆ ಕೂರಿಸಿದಳು. ಆ ಆರ್ಡರಿನಲ್ಲಿ ನಮಗೆ ಲಾಭ ಬರಲಿಲ್ಲ. ಸಂಘದಿಂದ ತೆಗೆದ ಸಾಲವನ್ನು ನಮ್ಮ ಕೂಲಿ ಬಿಟ್ಟುಕೊಟ್ಟು ತೀರಿಸಿದೆವು. ಮುಂದಿನ ವರ್ಷ ಅದೇ ಶಿಶುವಿಹಾರದವರು ಪುಸ್ತಕದ ಕಪಾಟು ಕೇಳಿಕೊಂಡು ನಮ್ಮಲ್ಲಿಗೇ ಬಂದರು.

ಸಂತ ಜೋಸೆಫರು ಬಡಗಿ. ಮೇ 1ರಂದು ಅವರನ್ನು ಕೆಲಸಗಾರರ ಪಾಲಕರೆಂದು ಸ್ಮರಿಸುತ್ತೇವೆ. ಅವರ ಮನೆಯಲ್ಲೂ ಒಂದು ಮಗು ಇತ್ತು, ಅದೂ ಅವರು ಮಾಡಿದ ಮರದ ಸಾಮಾನನ್ನು ಹಿಡಿದುಕೊಂಡೇ ನಿಲ್ಲಲು ಕಲಿತಿರಬೇಕು. ನಾವು ಯಾವ ಧರ್ಮದವರೇ ಆಗಿರಲಿ, ನಾವು ಮಾಡಿದ ಸಾಮಾನು ಯಾವುದೋ ಮನೆಯ ಮಗುವಿನ ಕೈಗೆ ಹೋಗುತ್ತದೆ. ಆ ಮಗುವಿನ ತಾಯಿ ಬಂದು ಕೇಳಿದರೆ ಉತ್ತರ ನಮ್ಮ ಬಳಿ ಇರಲಿ.

 ನಮ್ಮ ಬಣ್ಣದ ಪುಸ್ತಕ ಮತ್ತು ಹಚ್ಚಿ ನೋಡಿದ ಮರದ ತುಂಡುಗಳನ್ನು ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇವೆ. ಚಹಾ ಕುಡಿಯುವಾಗ ಬಂದು ಮುಟ್ಟಿ ನೋಡಿ.